ಒಲೆ ಹೊಗೆ ಒಳಗೇ ಬಂದರೆ?

ಪ್ರಶ್ನೆ: ಹೊಸ ಅಡುಗೆಮನೆಯಲ್ಲಿ ಅಸ್ತ್ರ ಒಲೆ (ಹೊಗೆ ಕೊಳವೆಯಿರುವ ಸೌದೆ ಒಲೆ) ಹಾಕಿಸಿದ್ದೇವೆ. ಹೊಗೆ ಕೊಳವೆ ತಾರಸಿಯಿಂದ ಒಂದಡಿ ಮೇಲಿದೆ, ಪಕ್ಕದಲ್ಲೇ ನೀರಿನ ಟ್ಯಾಂಕ್. ಹೊಗೆಯೆಲ್ಲ ಒಳಗೇ ಬರುತ್ತಿದೆ, ಏನು ಮಾಡಲಿ?
– ಓದುಗರು, ಮಧುಗಿರಿ

ಉತ್ತರ: ಪಾಪ, ಒಲೆಯನ್ನು ಬೈಯಬೇಡಿ. ತಪ್ಪು ಕೊಳವೆಯದ್ದು. ಬಿಸಿ ಹೊಗೆ ಹಗುರ, ಮೇಲೇರುತ್ತದೆ, ಅದರ ಹಿಂದೆಯೇ ಒಲೆ ಬಾಯಿಂದ ಹೊಸ ಗಾಳಿ ಒಳಗೆ ಬರುತ್ತದೆ. ಕೊಳವೆ ಎತ್ತರವಿದ್ದಷ್ಟೂ ಈ ಎಳೆತ ಜಾಸ್ತಿ. ನಿಮ್ಮಲ್ಲಿ ಗಾಳಿ ಟ್ಯಾಂಕಿಗೆ ಬಡಿದು ಹೊಗೆಯನ್ನು ವಾಪಸ್ ತಳ್ಳುತ್ತಿರಬೇಕು. ಕೊಳವೆ ತಾರಸಿಯಿಂದ 3 ಅಡಿಯಾದರೂ ಮೇಲಿರಲಿ, 10 ಅಡಿಯೊಳಗೆ ಟ್ಯಾಂಕ್ ಇದ್ದರೆ ಟ್ಯಾಂಕಿನ ತುದಿಗಿಂತಲೂ 2 ಅಡಿ ಎತ್ತರ ಬೇಕು. ನನ್ನ ಕೇಳಿದರೆ ಟ್ಯಾಂಕ್ ಸರಿಸುವುದೇ ಸುಲಭ! ಬೆಳಿಗ್ಗೆ ಕೊಳವೆ ತಣ್ಣಗಿರುತ್ತದೆ, ಅಲ್ವಾ? ಮೊದಲು ಒಂದಿಷ್ಟು ಒಣ ತೆಂಗಿನ ಗರಿ ಉರಿಸಿ ಕೊಳವೆ ಬಿಸಿ ಮಾಡಿ, ಆಮೇಲೆ ಸೌದೆ ಇಡಿ. ಕಿಟಕಿ ತೆರೆದಿರಲಿ. ಮಸಿ ಆಗಾಗ ತೆಗೆಸಿ. ಅಂದಹಾಗೆ, ಈ ಒಲೆ ರೂಪಿಸಿದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ತಂಡ ನಿಮ್ಮದೇ ಜಿಲ್ಲೆಯ, ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೆಲಸ ಮಾಡಿತ್ತು.