ಅಮಾಲಾ ಮುಖ ಹೆಣೆದ ಸ್ವೆಟರ್

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಫ್ಯಾಷನ್ ಡಿಸೈನ್ ಓದುತ್ತಿದ್ದೇನೆ. ಕೊನೇ ವರ್ಷ, ನಿಟ್‌ವೇರ್ (ಹೆಣಿಗೆಯ ಉಡುಪು) ನನ್ನ ವಿಷಯ. ಊರು ಹುಬ್ಬಳ್ಳಿ ಕಡೆ. ಪದವಿಯ ಕಲೆಕ್ಷನ್‌ಗೆ ‘ವಲಸಿಗರ ಕಥೆಗಳು’ ಅನ್ನೋ ಥೀಮ್ ಆರಿಸಿಕೊಂಡೆ. ಚಿಕ್ಕವಳಿದ್ದಾಗ ಪ್ರತಿ ಚಳಿಗಾಲ ನಮ್ಮಲ್ಲಿ ಸ್ವೆಟರ್ ಮಾರಲು ಬರುತ್ತಿದ್ದ ಟಿಬೆಟಿಯನ್ ಅಜ್ಜಿಯನ್ನು ಹುಡುಕಿಕೊಂಡು ಮುಂಡಗೋಡಿನ ಕ್ಯಾಂಪಿಗೆ ಹೋದೆ. ಎಲ್ಲರೂ ಅವರನ್ನು ಅಮಾಲಾ ಅಂತಾರೆ. ಅಪ್ಪ ನನಗೆ ಅವರ ಹತ್ತಿರವೇ ಒಂದು ಮರೂನ್ ಸ್ವೆಟರ್ ಕೊಡಿಸಿದ್ದರು. ತೋಳು ಉದ್ದ ಅಂತ ಎರಡು ಮಡಿಕೆ ಹಾಕಿ ತೊಡುತ್ತಿದ್ದೆ. ಅಮಾಲಾ ಮೂರು ದಿನ ಮಾತಾಡಿದರು. ಪುಟ್ಟ ಹುಡುಗಿಯಾಗಿ ಹಿಮ ದಾಟಿ ಬಂದದ್ದು, ದಾರಿಯಲ್ಲಿ ತಮ್ಮನನ್ನು ಕಳೆದುಕೊಂಡದ್ದು ಹೇಳುವಾಗ ಅತ್ತರು. ರೆಕಾರ್ಡ್ ಮಾಡಿಕೊಳ್ಳಲು ಒಪ್ಪಿದ್ದರು.

ಅವರ ಮುಖವನ್ನೇ ಜಕಾರ್ಡ್‌ನಲ್ಲಿ (ಬೇರೆ ಬೇರೆ ಬಣ್ಣದ ನೂಲಿನಿಂದ ಚಿತ್ರ ಮೂಡಿಸುವ ಹೆಣಿಗೆ) ಹೆಣೆದು ಒಂದು ಸ್ವೆಟರ್ ಮಾಡಿದೆ. ತೋಳಿನ ಮೇಲೆ ಕ್ಯೂಆರ್ ಕೋಡ್, ಸ್ಕ್ಯಾನ್ ಮಾಡಿದರೆ ಅವರ ದನಿ. ಖುಷಿಯಿಂದ ಫೋಟೊ ಕಳಿಸಿದೆ. ಮಾರನೇ ದಿನ ಅವರ ಮಗಳು ಫೋನ್ ಮಾಡಿ, ‘ಅಮ್ಮನ ಮುಖ, ದನಿ ಎರಡೂ ತೆಗೆಯಿರಿ’ ಅಂತ ಗದರಿದರು. ‘ಅವರು ಒಪ್ಪಿದ್ದಕ್ಕೆ ರೆಕಾರ್ಡಿಂಗ್ ಇದೆ, ಮಗಳನ್ನು ಯಾಕೆ ಕೇಳಬೇಕು? ಅದನ್ನು ತೆಗೆದರೆ ಕಲೆಕ್ಷನ್‌ನಲ್ಲಿ ಏನುಳಿಯುತ್ತೆ?’ ಅಂತಾರೆ ನನ್ನ ಗೈಡ್. ಅಮಾಲಾ ‘ನೀ ಬ್ಯಾಸರ ಮಾಡ್ಕೋಬ್ಯಾಡ’ ಅಂದರು, ಅಷ್ಟೇ. ತೀರ್ಪುಗಾರರಿಗೆ ಕಲೆಕ್ಷನ್ ತೋರಿಸುವ ಜ್ಯೂರಿಗೆ ಐದು ವಾರ ಇದೆ. ನಾನು ಕದ್ದಿದ್ದೀನಾ?
– ಹೆಸರು ಬೇಡ

ಉತ್ತರ: ತೆಗೆದುಬಿಡಿ. ಮುಖವನ್ನೂ, ದನಿಯನ್ನೂ, ಇವತ್ತೇ. ಇದರಲ್ಲಿ ನನಗೆ ಎರಡು ಮನಸ್ಸಿಲ್ಲ.

ನೀವು ಕದ್ದಿಲ್ಲ. ಕೇಳಿಯೇ ತೆಗೆದುಕೊಂಡಿದ್ದೀರಿ. ಆದರೆ ಕೇಳಿದ್ದು ಏನನ್ನು? ‘ರೆಕಾರ್ಡ್ ಮಾಡಿಕೊಳ್ಳಲಾ?’ ಅಂದಾಗ ಅಮಾಲಾ ಹೂಂ ಅಂದದ್ದು ಎದುರಿಗೆ ಚಹಾ ಹಿಡಿದು ಕೂತ ಹುಡುಗಿಗೆ. ತನ್ನ ಮುಖ ಯಾರೋ ಮಾಡೆಲ್‌ನ ಎದೆ ಮೇಲೆ ರ‍್ಯಾಂಪ್ ಹತ್ತುತ್ತೆ, ಯಾರು ಬೇಕಾದರೂ ಫೋನ್ ಹಿಡಿದು ತನ್ನ ಅಳು ಕೇಳಬಹುದು ಅನ್ನೋದಕ್ಕೆ ಅವರು ಹೂಂ ಅಂದಿಲ್ಲ. ಮನೆಗೆ ಬಂದವರ ಹತ್ತಿರ ಹೇಳಿಕೊಂಡದ್ದೇ ಬೇರೆ, ಅದನ್ನು ಸಂತೆಯಲ್ಲಿ ಸಾರುವುದೇ ಬೇರೆ, ಅಲ್ವಾ?

ಅಮಾಲಾ ಮಗುವಲ್ಲ, ಮಗಳಿಗೇಕೆ ಅಧಿಕಾರ ಅಂತ ನಿಮ್ಮ ಗೈಡ್ ವಾದಿಸಬಹುದು. ಒಪ್ಪುವ ಮಾತೇ. ಅಮಾಲಾ ‘ಮಗಳಿಗೆ ನಾನು ಹೇಳ್ತೀನಿ, ನನ್ನ ಮುಖ ಇರಲಿ’ ಅಂದಿದ್ದರೆ ನಾನೂ ಬೇರೆ ಉತ್ತರ ಬರೆಯುತ್ತಿದ್ದೆ. ಅವರು ಹಾಗೆ ಅಂದಿಲ್ಲ. ನೀವು ಹುಬ್ಬಳ್ಳಿ ಕಡೆಯವರು, ಬೇಸರ ಮಾಡಿಕೊಳ್ಳಬೇಡ ಅಂತ ಹಿರಿಯರು ಯಾವಾಗ ಹೇಳುತ್ತಾರೆ ಅಂತ ನಾನು ನಿಮಗೆ ಹೇಳಿಕೊಡಬೇಕಾ? ಬೇಡ ಅನ್ನೋ ಮಾತು ಬಾಯಿಗೆ ಬಾರದಾಗ ಹೇಳುತ್ತಾರೆ.

ಇನ್ನು ಮಗಳು ಗದರಿದ್ದು. ಟಿಬೆಟ್ ಚೀನಾದ ಹಿಡಿತಕ್ಕೆ ಸಿಕ್ಕಿ, 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು. ಅವರ ಹಿಂದೆಯೇ ಸಾವಿರಾರು ಜನ ಬಂದರು. ಎಷ್ಟೋ ಜನ ಮೊದಲು ಹಿಮಾಲಯದ ರಸ್ತೆ ಕೆಲಸದಲ್ಲಿ ಕಲ್ಲು ಒಡೆದರು. ಆಮೇಲೆ ಅವರು ನೆಲೆಸಲು ಕ್ಯಾಂಪುಗಳಾದವು: ಮೊದಲು ಬೈಲಕುಪ್ಪೆ, 1966ರಲ್ಲಿ ಮುಂಡಗೋಡು. ಇಲ್ಲೇ ಹುಟ್ಟಿ, ನಮಗಿಂತ ಚಂದ ಕನ್ನಡ ಮಾತಾಡುವವರಲ್ಲೂ ಅನೇಕರು ಕಾಗದದ ಮೇಲೆ ಇನ್ನೂ ವಿದೇಶಿಯರು. ನೋಂದಣಿ ಪತ್ರ ಇಟ್ಟುಕೊಂಡು, ಅದನ್ನು ನವೀಕರಿಸುತ್ತಾ ಬದುಕಬೇಕು. ಟಿಬೆಟ್‌ನಲ್ಲಿ ಅಣ್ಣ ತಮ್ಮಂದಿರು, ಅವರ ಮಕ್ಕಳು ಉಳಿದಿರುವ ಮನೆಗಳೂ ಇವೆ. ಇಲ್ಲಿ ಒಂದು ಮುಖ, ಒಂದು ದನಿ ಇಂಟರ್‌ನೆಟ್‌ಗೆ ಬಿದ್ದರೆ ಅಲ್ಲಿರುವವರಿಗೆ ತೊಂದರೆ ಆದೀತು ಅನ್ನೋ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ಅಮಾಲಾ ಮನೆಯಲ್ಲಿ ಇದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಕಾರಣ ಏನೇ ಇರಲಿ, ಅದನ್ನು ನಿಮಗೆ ಬಿಡಿಸಿ ಹೇಳಬೇಕು ಅಂತ ಆ ಮಗಳಿಗೇನೂ ಇಲ್ಲ.

ಇನ್ನೊಂದು, ನಿಮ್ಮ ಥೀಮ್‌ನ ಹೆಸರು. ಯಾದಗಿರಿಯಿಂದ ಬೆಂಗಳೂರಿಗೆ ಗುಳೆ ಬಂದವರು ಹಬ್ಬಕ್ಕೆ ಊರಿಗೆ ಹೋಗಿ ಬರುತ್ತಾರೆ. ಅಮಾಲಾಗೆ ಹೋಗಲಿಕ್ಕೆ ಊರಿಲ್ಲ. ‘ವಲಸಿಗರು’ ಅಂತ ಎಲ್ಲರನ್ನೂ ಒಂದೇ ಗಂಟಿಗೆ ಕಟ್ಟಬೇಡಿ.

ನಾನೂ ಇಂಥದ್ದೇ ತಪ್ಪು ಮಾಡಿದ್ದೇನೆ. ಹತ್ತು ಹನ್ನೆರಡು ವರ್ಷದ ಹಿಂದೆ ಒಬ್ಬ ಹೆಂಗಸಿನ ಪತ್ರವನ್ನು ಹೆಸರು ತೆಗೆದು ಈ ಅಂಕಣದಲ್ಲಿ ಹಾಕಿದ್ದೆ. ಮನೆ ಮುಂದಿನ ಹಲಸಿನ ಮರ, ಅದರ ಕೆಳಗಿನ ಗಂಡನ ಸೈಕಲ್ ಅಂಗಡಿ ಹಾಗೇ ಬಿಟ್ಟಿದ್ದೆ. ಓದಲಿಕ್ಕೆ ಚೆನ್ನಾಗಿತ್ತು. ಊರಿನವರಿಗೆ ಅಷ್ಟೇ ಸಾಕಾಯಿತು. ಆಕೆ ಒಂದೇ ಸಾಲು ಬರೆದಳು: ‘ಮರ ಬರೀಬಾರದಿತ್ತು.’ ಆಮೇಲೆ ಯಾವತ್ತೂ ಬರೆಯಲಿಲ್ಲ. ನಿಮ್ಮ ಪತ್ರದಿಂದ ಕ್ಯಾಂಪಿನ ನಂಬರನ್ನೂ ಇನ್ನೆರಡು ವಿವರಗಳನ್ನೂ ತೆಗೆದಿದ್ದೇನೆ. ಅಮಾಲಾ ಅಂದರೆ ಟಿಬೆಟಿಯನ್ ಭಾಷೆಯಲ್ಲಿ ‘ಅಮ್ಮ’ ಅಂತ. ಅದು ಹೆಸರಲ್ಲದ ಕಾರಣ ಉಳಿಸಿಕೊಂಡೆ.

ಗೈಡ್ ಮತ್ತೆ ಕೇಳಿದರೆ 2015ರ ಒಂದು ಸಂಗತಿ ನೆನಪಿಸಿ. ಸಿರಿಯಾದಿಂದ ಓಡಿ ಬಂದವರು ಹಂಗೇರಿಯ ಗಡಿಯಲ್ಲಿ ನಿಂತಿದ್ದ ಕಾಲ. ನಾರ್ಬರ್ಟ್ ಬಾಕ್ಸಾ ಅನ್ನೋ ಹಂಗೇರಿಯ ಫೋಟೊಗ್ರಾಫರ್, ತಲೆಗೆ ಬಟ್ಟೆ ಸುತ್ತಿದ ಮಾಡೆಲ್ ಒಬ್ಬಳನ್ನು ಮುಳ್ಳುತಂತಿ ಬೇಲಿಯ ಹತ್ತಿರ ನಿಲ್ಲಿಸಿ ಫ್ಯಾಷನ್ ಫೋಟೊ ತೆಗೆದ. ಕೈಯಲ್ಲಿ ಸೆಲ್ಫಿಗೆ ಫೋನ್ ಬೇರೆ. ಜಗತ್ತೆಲ್ಲ ಉಗಿಯಿತು. ಕೊನೆಗೆ ಆ ಫೋಟೊಗಳನ್ನು ತೆಗೆದುಹಾಕಿದ. ನಿಮ್ಮ ಮನಸ್ಸು ಅವನದ್ದಲ್ಲ, ಗೊತ್ತು. ರ‍್ಯಾಂಪ್ ಎದುರು ಕೂತವರಿಗೆ ಮನಸ್ಸು ಕಾಣಿಸಲ್ಲ, ಬಟ್ಟೆ ಮಾತ್ರ ಕಾಣಿಸುತ್ತೆ.

ಆದರೂ ‘ತೆಗೆದರೆ ಏನುಳಿಯುತ್ತೆ?’ ಅನ್ನೋದು ಒಳ್ಳೇ ಪ್ರಶ್ನೆ. ಸ್ವೆಟರ್ ಉಳಿಯುತ್ತೆ. ನೀವು ಅದನ್ನು ಸರಿಯಾಗಿ ನೋಡೇ ಇಲ್ಲ ಅಂತ ನನ್ನ ಅನುಮಾನ. ನೀವು ಕಳಿಸಿದ ನಾಲ್ಕು ಪುಟದಲ್ಲಿ (ಇಲ್ಲಿ ಚಿಕ್ಕದು ಮಾಡಿದ್ದೇನೆ) ಹಿಮ ಇದೆ, ಕಣ್ಣೀರಿದೆ, ಸುಕ್ಕು ಬಿದ್ದ ಕೆನ್ನೆ ಇದೆ. ಅವರು ಅಷ್ಟು ವರ್ಷ ಮಾರಿದ ಸರಕಿನ ಬಗ್ಗೆ ಎರಡೇ ಪದ, ‘ಟಿಬೆಟ್ ಸ್ವೆಟರ್’.

ಅದು ಟಿಬೆಟ್‌ನದ್ದಲ್ಲ. ನಾವು ಹಾಗೆ ಕರೆದೆವು. ಅವರು ಮಾರುವುದರಲ್ಲಿ ಹೆಚ್ಚಿನ ಮಾಲು ಪಂಜಾಬಿನ ಲುಧಿಯಾನದ್ದು. ಮೆಷಿನ್ ಹೆಣಿಗೆ, ಉಣ್ಣೆ ಕಮ್ಮಿ, ಅಕ್ರಿಲಿಕ್ ಜಾಸ್ತಿ. ಕ್ಯಾಂಪಿನ ಹೊಲಗಳಲ್ಲಿ ಮಳೆ ನಂಬಿ ಗೋವಿನಜೋಳ ಬೆಳೆಯುತ್ತಾರೆ. ಅದರ ಕೊಯ್ಲು ಮುಗಿದ ಮೇಲೆ ಕೈಗೆ ಕೆಲಸ ಬೇಕು. ಹಾಗೆ ಚಳಿಗಾಲದ ಈ ವ್ಯಾಪಾರ ಬೆಳೆಯಿತು. ಲುಧಿಯಾನದ ವ್ಯಾಪಾರಿಗಳು ಎಷ್ಟೋ ಸಲ ಬಾಯಿಮಾತಿನ ನಂಬಿಕೆ ಮೇಲೆ ಮಾಲು ಸಾಲ ಕೊಡುತ್ತಾರೆ, ಸೀಸನ್ ಮುಗಿದ ಮೇಲೆ ಲೆಕ್ಕ ಚುಕ್ತಾ. ಇನ್ನು ಅಲ್ಲಿನ ಕಾರ್ಖಾನೆಗಳಲ್ಲಿ ದುಡಿಯುವವರು? ಬಹಳಷ್ಟು ಜನ ಬಿಹಾರ, ಉತ್ತರ ಪ್ರದೇಶ ಬಿಟ್ಟು ಬಂದವರು. ಬಿಹಾರ ಬಿಟ್ಟವನು ಪಂಜಾಬಿನಲ್ಲಿ ಹೆಣೆದದ್ದನ್ನು ಟಿಬೆಟ್ ಬಿಟ್ಟವರು ಹುಬ್ಬಳ್ಳಿಯಲ್ಲಿ ಮಾರಿದರು. ಅದನ್ನು ತೊಟ್ಟು ಶಾಲೆಗೆ ಹೋದವರು ಈಗ ಬೆಂಗಳೂರಿನಲ್ಲಿ ಕೂತು ವಲಸಿಗರ ಕಥೆ ಹುಡುಕುತ್ತಿದ್ದೀರಿ!

ಆ ಮರೂನ್ ಸ್ವೆಟರ್ ಮನೆಯಲ್ಲಿ ಇನ್ನೂ ಇದ್ದರೆ ಅಮ್ಮನಿಗೆ ಹೇಳಿ ತರಿಸಿಕೊಳ್ಳಿ. ತೋಳನ್ನು ಪೂರ್ತಿ ಚಾಚಿ ನೋಡಿ. ಹೊರಗಿದ್ದ ಭಾಗ ಬಿಸಿಲಿಗೆ ಮಾಸಿರಬಹುದು. ಮಡಿಕೆಯ ಒಳಗಿದ್ದದ್ದು ಬಣ್ಣ ಉಳಿಸಿಕೊಂಡಿರಬಹುದು. ಮುಂದಿನ ವರ್ಷ ಒಂದು ಮಡಿಕೆ ಬಿಚ್ಚಿರುತ್ತೀರಿ, ಅದರ ಮುಂದಿನ ವರ್ಷ ಇನ್ನೊಂದು. ಒಂದೇ ತೋಳಿನಲ್ಲಿ ಮೂರು ಚಳಿಗಾಲ, ಮೂರು ಮರೂನ್. ‘ಬೆಳಿಯೋ ಹುಡುಗಿ, ದೊಡ್ಡ ಸೈಜ್ ತಗೋರಿ’ ಅಂತ ಅಪ್ಪನಿಗೆ ಹೇಳಿದ್ದು ಯಾರಿರಬಹುದು? ನನಗಂತೂ ಆ ಮುಖದ ಸ್ವೆಟರ್‌ಗಿಂತ ಈ ತೋಳು ಜಾಸ್ತಿ ಮಾತಾಡುತ್ತದೆ. ಇದು ನಿಮ್ಮದೇ, ಯಾರ ಅಪ್ಪಣೆಯೂ ಬೇಡ. ಉದ್ದ ತೋಳು, ಅಳತೆ ಮೀರಿದ ಪಟ್ಟಿ, ಬಿಚ್ಚಿ ತೊಡುವ ಮಡಿಕೆ, ಒಂದೇ ಬಣ್ಣದ ಮೂರು ಛಾಯೆ. ಒಂದು ಕಲೆಕ್ಷನ್‌ಗೆ ಇಷ್ಟು ಸಾಲದಾ?

ಅಮಾಲಾ ಮತ್ತೆ ಮಾತಾಡಲು ಒಪ್ಪಿದರೆ ಹಿಮದ ಬಗ್ಗೆ ಕೇಳಬೇಡಿ. ವ್ಯಾಪಾರದ ಬಗ್ಗೆ ಕೇಳಿ. ಯಾವ ಬಣ್ಣ ಮೊದಲು ಖಾಲಿಯಾಗುತ್ತಿತ್ತು? ಮಾರದೆ ಉಳಿದದ್ದು ಎಲ್ಲಿಗೆ ಹೋಗುತ್ತಿತ್ತು? ಗಂಟು ಕಟ್ಟುವಾಗ ದಪ್ಪನೆಯದು ಮೇಲಾ ಕೆಳಗಾ? ಅವರು ಈ ಕಸುಬಿನಲ್ಲಿ ನಿಮಗಿಂತ ಹಿರಿಯರು, ಹಾಗೆಂದೇ ಹೋಗಿ. ಅವರ ಸಮಯಕ್ಕೆ ದುಡ್ಡು ಕೊಡಿ, ಮುಜುಗರ ಬೇಡ. ಯಾವುದನ್ನು ಬಳಸುತ್ತೀರಿ, ಎಲ್ಲಿ ತೋರಿಸುತ್ತೀರಿ ಅಂತ ಕಾಗದದಲ್ಲಿ ಬರೆದು ಓದಿ ಹೇಳಿ.

ಮುಖವನ್ನು ಮಸುಕು ಮಾಡ್ತೀನಿ, ಸ್ವೆಟರ್‌ನ ಒಳಮೈ ಹೊರಗೆ ತಿರುಗಿಸ್ತೀನಿ ಅನ್ನೋ ಜಾಣತನವೂ ಬೇಡ. ಬಿಚ್ಚಿಬಿಡಿ. ನೇಯ್ದ ಬಟ್ಟೆಯಾಗಿದ್ದರೆ ಕತ್ತರಿಸಿ ಎಸೆಯಬೇಕಿತ್ತು, ಇದು ಹೆಣಿಗೆ, ನೂಲು ವಾಪಸ್ ಸಿಗುತ್ತೆ. ನಮ್ಮಮ್ಮ ಅಕ್ಕನ ಸ್ವೆಟರ್ ಬಿಚ್ಚಿ ನನಗೆ ಹೆಣೆಯುತ್ತಿದ್ದಳು. ಮೊಣಕಾಲಿಗೆ ಲಡಿ ಸುತ್ತಿ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಬಚ್ಚಲಲ್ಲಿ ತೂಕಕ್ಕೆ ತಂಬಿಗೆ ಕಟ್ಟಿ ನೇತು ಹಾಕುತ್ತಿದ್ದಳು. ಗುಂಗುರು ಪೂರ್ತಿ ಹೋಗುತ್ತಿರಲಿಲ್ಲ. ಮೊದಲು ಲಿಂಕಿಂಗ್ (ಭಾಗಗಳನ್ನು ಜೋಡಿಸಿದ ಹೊಲಿಗೆ) ಬಿಚ್ಚಿ, ಆಮೇಲೆ ಹೆಣಿಗೆ ಮುಗಿಸಿದ ತುದಿಯಿಂದ ಎಳೆಯಿರಿ, ಶುರು ಮಾಡಿದ ಕಡೆಯಿಂದಲ್ಲ. ಎರಡು ಬಣ್ಣ ಇರೋದರಿಂದ ಒಬ್ಬರೇ ಕೂತರೆ ಸಿಕ್ಕಾಗುತ್ತೆ, ಗೆಳತಿಯನ್ನು ಕರೆಯಿರಿ.

ಮಗಳಿಗೆ ಫೋನ್ ಮಾಡುವುದು ಬಿಚ್ಚಿದ ಮೇಲೆ. ಮೊದಲೇ ಮಾಡಿದರೆ ಚೌಕಾಸಿ ಆಗುತ್ತೆ. ‘ತೆಗೆದಿದ್ದೇನೆ, ಕೇಳದೆ ಮಾಡಿದ್ದು ತಪ್ಪಾಯಿತು’ ಅನ್ನಿ. ಬಿಚ್ಚಿದ ನೂಲಿನ ಫೋಟೊ ಕಳಿಸಬೇಡಿ, ಅದೂ ಒಂದು ಪ್ರದರ್ಶನವೇ. ರೆಕಾರ್ಡಿಂಗ್ ಅಳಿಸಬೇಕಾ, ಇಲ್ಲ ಮನೆಯವರಿಗೆ ಕೊಡಬೇಕಾ ಅಂತ ಅವರನ್ನೇ ಕೇಳಿ. ಮೊಮ್ಮಕ್ಕಳಿಗೆ ಬೇಕಿರಬಹುದು. ಗೈಡ್‌ಗೆ ಕಳಿಸಿದ ಕಾಪಿಯನ್ನೂ ಮರೆಯಬೇಡಿ.