ಸಿಒಪಿಡಿ (ಉಸಿರಾಟ ಕಷ್ಟವಾಗಿಸುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವ ಅಪ್ಪನಿಗೆ ಮನೆಯಲ್ಲಿ ಆಕ್ಸಿಜನ್ ಯಂತ್ರ ಬೇಕಾ?

ಸಿಂಧನೂರಿನ ರೈಸ್ ಮಿಲ್ಲಿನಲ್ಲಿ ದುಡಿದ ಅಪ್ಪ, ಇನ್ನೂ ಬೀಡಿ ಬಿಟ್ಟಿಲ್ಲ, ಸುಮ್ನೆ ಕೂತಾಗ ರಕ್ತದ ಆಕ್ಸಿಜನ್ ಶೇಕಡ 91. ಸಾಲ ಮಾಡಿ ಯಂತ್ರ ತರಬೇಕಾ ಅಂತ ಕೇಳಿದ್ದೀರಿ. ಅದೊಂದೇ ಅಂಕಿ ನೋಡಿ ತರಬೇಡಿ.

ಮನೆಯ ಆಕ್ಸಿಜನ್ ಆಯಸ್ಸು ಹೆಚ್ಚಿಸುವುದು ನಿಜ, ಆದರೆ ಎಲ್ಲರಿಗೂ ಅಲ್ಲ. 1981ರಲ್ಲಿ ಪ್ರಕಟವಾದ ಬ್ರಿಟನ್ ಅಧ್ಯಯನದಲ್ಲಿ ದಿನಕ್ಕೆ 15 ಗಂಟೆ ಆಕ್ಸಿಜನ್ ಪಡೆದ 42 ಜನರಲ್ಲಿ 19 ಮಂದಿ 5 ವರ್ಷದೊಳಗೆ ತೀರಿಕೊಂಡರು. ಪಡೆಯದ 45 ಜನರಲ್ಲಿ 30. ಅವರೆಲ್ಲರ ರಕ್ತದಲ್ಲಿ ಆಕ್ಸಿಜನ್ ತೀರಾ ಕಡಿಮೆ ಇತ್ತು. ನಿಮ್ಮ ತಂದೆಯಂಥವರಿಗೆ ಹೊಂದುವುದು ಅಮೆರಿಕದ 2016ರ ಅಧ್ಯಯನ. ಕೂತಾಗ 89ರಿಂದ 93 ಇರುವವರು ಇಲ್ಲವೇ ನಡೆದಾಗ ಮಾತ್ರ ಇಳಿಯುವವರು, ಒಟ್ಟು 738 ಜನ. ಆಕ್ಸಿಜನ್ ಪಡೆದವರಿಗೂ ಪಡೆಯದವರಿಗೂ ಸಾವಿನಲ್ಲಾಗಲಿ ಆಸ್ಪತ್ರೆ ಸೇರುವುದರಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ.

ಹಾಗಾಗಿ ಕಾಯಿಲೆ ಹತೋಟಿಯಲ್ಲಿದ್ದಾಗಲೂ 88 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮಾತ್ರ ಸಾಮಾನ್ಯವಾಗಿ ಬರೆದುಕೊಡುತ್ತಾರೆ. ಬೆರಳಿನ ಆಕ್ಸಿಮೀಟರ್ ಕೆಲವು ಅಂಕಿ ಆಚೀಚೆ ತೋರಿಸುತ್ತದೆ. ರಾಯಚೂರಿನ ರಿಮ್ಸ್‌ನಂಥ ದೊಡ್ಡಾಸ್ಪತ್ರೆಯಲ್ಲಿ ರಕ್ತದ ಆಕ್ಸಿಜನ್ ನೇರವಾಗಿ ಅಳೆಯುವ ಎಬಿಜಿ ಪರೀಕ್ಷೆ ಬೇಕಾ ಅಂತ ಕೇಳಿ.

ಇನ್ನೊಂದು ವಿಷಯ. ಸಿಒಪಿಡಿಯಲ್ಲಿ ಆಕ್ಸಿಜನ್ ಜಾಸ್ತಿ ಕೊಟ್ಟರೂ ಅಪಾಯ, ಕೆಲವರಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿ ಮಂಪರು ಕವಿಯುತ್ತದೆ. ಯಂತ್ರದ ಪಕ್ಕ ಬೀಡಿ ಹಚ್ಚಿದರಂತೂ ಬೆಂಕಿಯೇ. ನನ್ನನ್ನು ಕೇಳಿದರೆ ಆ ದುಡ್ಡು ಉಳಿಸಿ, ಮೊದಲು ಬೀಡಿ ಬಿಡಿಸಿ. ಇನ್ಹೇಲರ್ ಸರಿಯಾಗಿ ಎಳೆಯುತ್ತಾರಾ ಅಂತ ಡಾಕ್ಟರ ಮುಂದೆಯೇ ಮಾಡಿಸಿ ನೋಡಿ.