ತೊಗರಿಯ ನೆಟೆ ರೋಗದ ಶಿಲೀಂಧ್ರಕ್ಕೆ ಬೇರು ಎಲ್ಲಿದೆ ಅಂತ ಹೇಗೆ ಗೊತ್ತಾಗುತ್ತದೆ?

ಕಲಬುರಗಿ ಕಡೆ ತೊಗರಿಯನ್ನು ಒಣಗಿಸುವ ಈ ಶಿಲೀಂಧ್ರ ಫ್ಯುಸೇರಿಯಂ ಉಡಂ. ನಿಮ್ಮ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಕ್ಕಿರುವುದು ಅದರ ಸಂಬಂಧಿ ಫ್ಯುಸೇರಿಯಂ ಆಕ್ಸಿಸ್ಪೋರಂನಲ್ಲಿ, ಅದೂ ಟೊಮೇಟೊ ಗಿಡದ ಮೇಲೆ.

ಬೇರು ಪೆರಾಕ್ಸಿಡೇಸ್ ಎಂಬ ಕಿಣ್ವವನ್ನು ಹೊರಗೆ ಬಿಡುತ್ತದೆ. ಶಿಲೀಂಧ್ರದ ಜೀವಕೋಶದ ಮೇಲಿನ ಎಸ್‌ಟಿಇ2 ಗ್ರಾಹಕದ, ಅಂದರೆ ಹೊರಗಿನ ಸಂಕೇತ ಹಿಡಿಯುವ ಪ್ರೋಟೀನಿನ, ಮೂಲಕ ಅದರ ಸುಳಿವು ಸಿಗುತ್ತದೆ. ಒಳಗೆ ಕೈನೇಸ್ ಪ್ರೋಟೀನುಗಳು ಒಂದಕ್ಕೊಂದು ಫಾಸ್ಫೇಟ್ ಅಂಟಿಸುತ್ತಾ ಸುದ್ದಿ ದಾಟಿಸುತ್ತವೆ. ಆಗ ಶಿಲೀಂಧ್ರದ ಎಳೆ ಬೇರಿನತ್ತ ತಿರುಗಿ ಬೆಳೆಯುತ್ತದೆ.

ನನಗೆ ಜಾಸ್ತಿ ಅಚ್ಚರಿ ತಂದದ್ದು ಎಫ್‌ಎಂಕೆ1 ಎಂಬ ಇನ್ನೊಂದು ಕೈನೇಸ್. ಅದರ ಜೀನ್ ತೆಗೆದುಹಾಕಿದರೆ ಶಿಲೀಂಧ್ರ ಪ್ರಯೋಗಾಲಯದ ತಟ್ಟೆಯಲ್ಲಿ ಚೆನ್ನಾಗಿಯೇ ಬೆಳೆಯುತ್ತದೆ, ಗಿಡಕ್ಕೆ ಮಾತ್ರ ರೋಗ ತರಲಾರದು! ಅಂದರೆ ಬೆಳವಣಿಗೆಗೂ ಸೋಂಕಿಗೂ ಸಂಕೇತದ ದಾರಿ ಪೂರ್ತಿ ಒಂದೇ ಅಲ್ಲ.

ಹೊಲದಲ್ಲಿ ಸದ್ಯಕ್ಕೆ ನೆರವಾಗುವುದು ನಿರೋಧಕ ತಳಿ ಮತ್ತು ಜೋಳದೊಂದಿಗೆ ಬೆಳೆ ಬದಲಾವಣೆ.